ಬಾರ್ಜ್ ನಡೆಸುವುದು, ಕಟ್ಟುವುದು: ಹರಿವಿನ ಲೆಕ್ಕ, ಹಗ್ಗದ ಲೆಕ್ಕ

ಚುಕ್ಕಾಣಿಗೆ ದಡದ ಪರಿವೆ ಇಲ್ಲ. ತನ್ನ ಮೇಲೆ ಹಾಯುವ ನೀರಷ್ಟೇ ಅದಕ್ಕೆ ಗೊತ್ತು. ಇದೊಂದು ಮನಸ್ಸಿಗೆ ಹತ್ತಿದರೆ ಅರ್ಧ ಪಾಠ ಮುಗಿದಂತೆ.

ಹರಿವು ಗಂಟೆಗೆ 4 ಕಿ.ಮೀ. ಇದೆ ಎನ್ನೋಣ. ಅದಕ್ಕೆ ಎದುರಾಗಿ ಅಷ್ಟೇ ವೇಗದಲ್ಲಿ ಎಂಜಿನ್ ಓಡಿಸಿದರೆ ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ತಳದ ದೋಣಿ) ಧಕ್ಕೆಯ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಪಕ್ಕದಲ್ಲಿ ಕದಲದೆ ನಿಲ್ಲುತ್ತದೆ. ಆದರೂ ಚುಕ್ಕಾಣಿಯ ಮೇಲೆ ನೀರು ಹಾಯುತ್ತಲೇ ಇರುವುದರಿಂದ ಅದು ಹೇಳಿದಂತೆ ಕೇಳುತ್ತದೆ. ಹರಿವಿನ ಜೊತೆಗೇ ಬಂದು ಅಲ್ಲಿ ನಿಲ್ಲಬೇಕೆಂದರೆ ಎಂಜಿನ್ನನ್ನು ಹಿಮ್ಮುಖವಾಗಿ ಓಡಿಸಬೇಕು. ಆಗ ಚುಕ್ಕಾಣಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಹರಿವಿನೊಂದಿಗೆ ಇಳಿದು ಬಂದ ಬಾರ್ಜ್ ಧಕ್ಕೆಯನ್ನು ದಾಟಿ, ತಿರುಗಿ, ಹರಿವಿಗೆ ಮುಖ ಕೊಟ್ಟು ದಡ ಸೇರುತ್ತದೆ.

ತಿರುವುಗಳ ವಿಚಾರ ಚಿಕ್ಕದು: ಹೊರಬಾಗಿನಲ್ಲಿ ಆಳವೂ ಸೆಳೆತವೂ ಹೆಚ್ಚು, ಒಳಬಾಗಿನಲ್ಲಿ ಹೂಳು. ನೀರು ತೆಳುವಾದಲ್ಲಿ ವೇಗ ಇಳಿಸಿ. ಓಡುವ ಬಾರ್ಜ್ ನಿಂತ ಬಾರ್ಜ್‌ಗಿಂತ ಆಳಕ್ಕೆ ಕುಸಿಯುತ್ತದೆ.

ಹರಿವಿಗೆ ಮುಖ ಮಾಡಿದಾಗ ಮೊದಲು ಕಟ್ಟಬೇಕಾದದ್ದು ಮುಂದಿನ ಹಗ್ಗ. ಹಿಂದಿನದನ್ನು ಮೊದಲು ಬಿಗಿದರೆ ನೀರು ಮೂತಿಗೂ ಧಕ್ಕೆಗೂ ನಡುವೆ ನುಗ್ಗಿ ಬಾರ್ಜನ್ನು ಅಡ್ಡ ತಿರುಗಿಸುತ್ತದೆ. ಆಮೇಲೆ ಹಿಂದಿನ ಹಗ್ಗ, ಕೊನೆಗೆ ಓರೆಯಾಗಿ ಹೋಗಿ ಬಾರ್ಜ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಎರಡು ಹಗ್ಗಗಳು (ಇವಕ್ಕೆ ಸ್ಪ್ರಿಂಗ್ ಹಗ್ಗ ಎನ್ನುತ್ತಾರೆ). ಅಳಿವೆಯಲ್ಲಿ ಆರೇಳು ಗಂಟೆಗಳಲ್ಲಿ ಹರಿವಿನ ದಿಕ್ಕೇ ಬದಲಾಗಿ, ಸುಮ್ಮನಿದ್ದ ಹಗ್ಗಗಳ ಮೇಲೆ ಇಡೀ ಭಾರ ಬೀಳುತ್ತದೆ. ಆದ್ದರಿಂದ ಯಾವ ಹಗ್ಗವೂ ಹೆಸರಿಗಷ್ಟೇ ಇರುವಂತಿಲ್ಲ.

ಉಬ್ಬರವಿಳಿತದ ಅಂದಾಜಿಗೆ ಹನ್ನೆರಡನೇ ಭಾಗದ ಸೂತ್ರವಿದೆ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಗಳಲ್ಲಿ ನೀರು ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ. ಒಟ್ಟು ಇಳಿತ 4.8 ಮೀಟರ್ ಆದರೆ ಮೊದಲ ಗಂಟೆಯಲ್ಲಿ 40 ಸೆಂ.ಮೀ., ಮೂರನೆಯದರಲ್ಲಿ 1.2 ಮೀಟರ್. ಮೊದಲ ಗಂಟೆ ನೋಡಿ ನಿಶ್ಚಿಂತರಾದವರು ಮೋಸಹೋಗುವುದು ಇಲ್ಲೇ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ನದಿಯಲ್ಲಿ ಮೇಲೆ ಹೋದಂತೆ ಉಬ್ಬರ ಚುಟುಕು, ಇಳಿತ ದೀರ್ಘ; ಸೂತ್ರ ಅಲ್ಲಿ ಒಪ್ಪುವುದಿಲ್ಲ.

ಗಂಟುಗಳ ಬಗ್ಗೆ ಪುಟಗಟ್ಟಲೆ ಓದುತ್ತೇವೆ, ಆದರೆ ನನ್ನ ಪ್ರಕಾರ ಹಗ್ಗದ ಉದ್ದವೇ ದೊಡ್ಡ ವಿಷಯ. ಶಾಲೆಯ ಪೈಥಾಗೊರಸ್ ಸಾಕು. ತುಂಬು ಉಬ್ಬರದಲ್ಲಿ ಧಕ್ಕೆಯ ಗೂಟಕ್ಕೆ ಸಮಮಟ್ಟದಲ್ಲಿ 3 ಮೀಟರ್ ಹಗ್ಗ ಕಟ್ಟಿದ್ದೀರಿ. ನೀರು 3 ಮೀಟರ್ ಇಳಿದರೆ ಬೇಕಾಗುವ ಉದ್ದ ಸುಮಾರು 4.24 ಮೀಟರ್, ಅಂದರೆ 1.24 ಮೀಟರ್ ಕೊರತೆ. ಅದೇ ಹಗ್ಗವನ್ನು ದೂರದ ಗೂಟಕ್ಕೆ 10 ಮೀಟರ್ ಎಳೆದು ಕಟ್ಟಿದ್ದರೆ ಕೊರತೆ 44 ಸೆಂ.ಮೀ. ಮಾತ್ರ. ಚಿಕ್ಕ ಹಗ್ಗದಲ್ಲಿ ಬಾರ್ಜ್ ನೇತುಬಿದ್ದರೆ ಹಗ್ಗ ಕಬ್ಬಿಣದ ಸಲಾಕೆಯಷ್ಟು ಬಿಗಿಯಾಗುತ್ತದೆ, ಗಂಟು ಬಿಚ್ಚಲು ಬರುವುದಿಲ್ಲ. ಬಾರ್ಜಿನ ಮೇಲಿನ ಜೋಡಿ ಗೂಟಗಳಿಗೆ ಎಂಟರ ಆಕಾರದಲ್ಲಿ ಸುತ್ತುವುದು ಇದಕ್ಕೇ: ಭಾರ ಇದ್ದಾಗಲೂ ಸುತ್ತು ಸುತ್ತಾಗಿ ಸಡಿಲಿಸಬಹುದು. ಸಡಿಲಿಸುವಾಗ ಕೈ ಗೂಟದಿಂದ ದೂರವಿರಲಿ, ಕಾಲು ಹಗ್ಗದ ಸುರುಳಿಯೊಳಗೆ ಇರಬಾರದು.