ಶ್ವಾಸಕೋಶದ ಗಂಟು ಯಾವ ಕ್ಯಾನ್ಸರಿನದು?

ಮೊದಲು ಸ್ತನ ಕ್ಯಾನ್ಸರ್, ಕೆಲವು ವರ್ಷ ಬಿಟ್ಟು ಬಾಯಿ ಕ್ಯಾನ್ಸರ್. ಎರಡಕ್ಕೂ ಚಿಕಿತ್ಸೆ ಮುಗಿದ ಮೇಲೆ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದೊಳಗೊಂದು ಗಂಟು. ಸ್ತನದಿಂದ ಬಂದದ್ದೋ, ಬಾಯಿಯಿಂದ ಹರಡಿದ್ದೋ, ಶ್ವಾಸಕೋಶದಲ್ಲೇ ಹುಟ್ಟಿದ ಮೂರನೆಯದೋ? ಹೊಸದಾಗಿ ಹುಟ್ಟಿದ ಒಂಟಿ ಗಡ್ಡೆಯಾದರೆ ಆಪರೇಷನ್ನಿನಿಂದ ಪೂರ್ತಿ ವಾಸಿಯಾಗುವ ಅವಕಾಶವಿದೆ. ಹರಡಿದ್ದಾದರೆ ದಾರಿಯೇ ಬೇರೆ.

ಒಬ್ಬರಿಗೇ ಎರಡು ಕ್ಯಾನ್ಸರ್ ಬರಬಹುದೆಂಬುದು 19ನೇ ಶತಮಾನದಲ್ಲೇ ಗೊತ್ತಿತ್ತು. 1932ರಲ್ಲಿ ಅಮೆರಿಕದ ವೈದ್ಯರಾದ ವಾರನ್ ಮತ್ತು ಗೇಟ್ಸ್ ಅದಕ್ಕೆ ನಿಯಮ ಬರೆದರು. ಒಂದು ಗಡ್ಡೆ ಇನ್ನೊಂದರಿಂದ ಹರಡಿದ್ದಲ್ಲವೆಂದು ತೋರಿಸಬೇಕು ಎಂಬುದೂ ಅದರಲ್ಲಿತ್ತು. ತೋರಿಸುವುದು ಹೇಗೆ ಎಂಬ ಪ್ರಶ್ನೆ ಎಕ್ಸ್‌ರೇ ಹೋಗಿ ಸಿಟಿ, ಪೆಟ್ ಸ್ಕ್ಯಾನ್ ಬಂದರೂ ಮುಗಿಯಲಿಲ್ಲ. ಪೆಟ್‌ನಲ್ಲಿ ಕ್ಯಾನ್ಸರಿನಂತೆಯೇ ಕ್ಷಯದ ಗಂಟೂ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ.

ನಿಜವಾದ ತಿರುವು ಬಂದದ್ದು ಪೆಥಾಲಜಿ ಲ್ಯಾಬಿನಲ್ಲಿ. ಸೂಜಿ ಚುಚ್ಚಿ ತೆಗೆದ ಚೂರಿಗೆ ಪ್ರತಿಕಾಯಗಳ ಬಣ್ಣ ಹಾಕಿದರೆ ಜೀವಕೋಶ ತನ್ನ ಮೂಲವನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಟಿಟಿಎಫ್-1 ಎಂಬ ಪ್ರೋಟೀನ್ ಕಂಡುಬಂದರೆ ಶ್ವಾಸಕೋಶದತ್ತ ಕೈ ತೋರಿಸುತ್ತದೆ (ಥೈರಾಯ್ಡ್ ಕ್ಯಾನ್ಸರಿನಲ್ಲೂ ಬರುತ್ತದೆ, ಅದು ಬೇರೆ ತಲೆನೋವು). ಗಾಟಾ-3, ಈಸ್ಟ್ರೊಜೆನ್ ರಿಸೆಪ್ಟರ್ ಎಂಬ ಪ್ರೋಟೀನ್‌ಗಳು ಕಂಡುಬಂದರೆ ಸ್ತನದತ್ತ. ಆದರೆ ಗಂಟು ಸ್ಕ್ವೇಮಸ್, ಅಂದರೆ ಚಪ್ಪಟೆ ಕೋಶಗಳ ಜಾತಿಯದಾದರೆ ಇದೆಲ್ಲ ಕೈಕೊಡುತ್ತದೆ. ಪಿ-40 ಬಣ್ಣ ಸ್ಕ್ವೇಮಸ್ ಎಂದಷ್ಟೇ ಹೇಳುತ್ತದೆ. ಬಾಯಿಯದೋ ಶ್ವಾಸಕೋಶದ್ದೋ ಹೇಳುವುದಿಲ್ಲ. ಹೊಗೆಸೊಪ್ಪು, ಗುಟ್ಕಾ, ಬೀಡಿಯ ನಾಡಿನಲ್ಲಿ ಈ ಗೊಂದಲವೇ ಹೆಚ್ಚು. ಬೀಡಿಯ ಹೊಗೆಗೆ ಬಾಯಿ, ಗಂಟಲು, ಶ್ವಾಸನಾಳ ಎಲ್ಲವೂ ಒಡ್ಡಿಕೊಂಡಿರುತ್ತವೆ, ಎಲ್ಲಿ ಬೇಕಾದರೂ ಹೊಸ ಗಡ್ಡೆ ಏಳಬಹುದು.

ಆಗ ಉಳಿಯುವುದು ಜೀನ್ ಹೋಲಿಕೆ: ಹಳೆಯ ಗಡ್ಡೆಯ ರೂಪಾಂತರಗಳೂ ಹೊಸದರವೂ ತಾಳೆಯಾದರೆ ಹರಡಿದ್ದು, ಒಂದೂ ಹೊಂದದಿದ್ದರೆ ಹೊಸದು. ಇದಕ್ಕೆ ಹಳೆಯ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಕೂರಿಸಿಟ್ಟ ಮೇಣದ ಬ್ಲಾಕ್ ಬೇಕು. ಅದು ಮೊದಲ ಆಸ್ಪತ್ರೆಯಲ್ಲಿ, ರೋಗಿ ಮೂರನೆಯ ಆಸ್ಪತ್ರೆಯಲ್ಲಿ, ಕೈಯಲ್ಲಿರುವುದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಜೊತೆಗೆ ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮನೆಯವರ ಭಯ. ಹಾಗೆ ಆಗುವುದು ತೀರ ಅಪರೂಪ. ಚುಚ್ಚದೇ ‘ಹಳೆಯದೇ ಹರಡಿದೆ’ ಎಂದು ಕೀಮೋ ಶುರುಮಾಡುವುದು ಅಷ್ಟು ಅಪರೂಪವಲ್ಲ. ಬ್ಲಾಕನ್ನೂ ಸ್ಲೈಡನ್ನೂ ಅರ್ಜಿ ಬರೆದು ಕೇಳಿ ಪಡೆಯಬಹುದು. ಹೊಸ ಬಯಾಪ್ಸಿಯ ದಿನವೇ ಅವು ಅದೇ ಪೆಥಾಲಜಿಸ್ಟರ ಮೇಜಿನ ಮೇಲಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.