ನಸುಕು, ಅರುಣೋದಯ, ಪ್ರಾತಃಕಾಲ: ಬೆಳಗಿನ ಪದಗಳ ಘಳಿಗೆ ಲೆಕ್ಕ

ಉಷಃಕಾಲ, ಅರುಣೋದಯ, ಪ್ರಾತಃಕಾಲ, ನಸುಕು, ಬೆಳಗಿನ ಜಾವ ಎಂಬ ಪದಗಳಿಗೆ ನಿಘಂಟುಗಳು ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟರೂ, ಪಂಚಾಂಗ ಓದಲು ಕುಳಿತವರಿಗೆ ಅಷ್ಟು ಸಾಲದು. ಇವುಗಳಲ್ಲಿ ಕೆಲವು ಕಣ್ಣಿಗೆ ಕಂಡದ್ದನ್ನೋ ಕಿವಿಗೆ ಕೇಳಿದ್ದನ್ನೋ ಹೇಳುತ್ತವೆ, ಕೆಲವು ಎಣಿಸಿದ ಕಾಲವನ್ನು ಹೇಳುತ್ತವೆ.

ಮೊದಲ ಬಗೆಯವು ಸುಲಭ. ನಸುಕು ಎಂದರೆ ಮಬ್ಬು ಪೂರ್ತಿ ಹರಿಯದ, ಆದರೆ ಬೆಳಕಿನ ಸುಳಿವು ಸಿಕ್ಕ ಹೊತ್ತು. ನಸುಗೆಂಪು, ನಸುನಗೆಗಳಲ್ಲಿರುವ ‘ನಸು’ವನ್ನು ನೆನೆದರೆ ಪದ ಮರೆಯುವುದಿಲ್ಲ. ಹೊತ್ತಾರೆ, ಕೋಳಿ ಕೂಗುವ ಹೊತ್ತು, ಬೆಳ್ಳಿ ಮೂಡುವ ಹೊತ್ತು ಇವೂ ಇದೇ ಗುಂಪಿನವು. ಬೆಳಗಿನ ಜಾವ ಮಾತ್ರ ಎಣಿಕೆಯ ಪದ. ಸಂಸ್ಕೃತದ ಯಾಮವೇ ಕನ್ನಡದಲ್ಲಿ ಜಾವವಾಗಿದ್ದು, ಇರುಳಿಗೆ ನಾಲ್ಕು ಜಾವಗಳಿರುವುದರಿಂದ, ಸಂಜೆ ಆರಕ್ಕೆ ಮುಳುಗಿದ ಸೂರ್ಯ ಬೆಳಿಗ್ಗೆ ಆರಕ್ಕೆ ಹುಟ್ಟುವ ದಿನ ಕೊನೆಯ ಜಾವ ಮೂರು ಗಂಟೆಗೇ ಆರಂಭವಾಗುತ್ತದೆ. ಅಂದರೆ ಬೆಳಗಿನ ಜಾವದ ಹೆಚ್ಚಿನ ಪಾಲು ಕತ್ತಲೆಯೇ. ಬೆಳ್ಳಿಗೂ ಈ ಜಾವಕ್ಕೂ ಒಂದು ಚೆಲುವಾದ ಹೊಂದಿಕೆಯಿದೆ: ಶುಕ್ರಗ್ರಹ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಹೆಚ್ಚು ದೂರ ಸರಿಯುವುದಿಲ್ಲವಾದ್ದರಿಂದ, ಅದು ಬೆಳಗಿನ ಆಕಾಶದಲ್ಲಿರುವ ತಿಂಗಳುಗಳಲ್ಲಿ ಸೂರ್ಯನಿಗಿಂತ ಹೆಚ್ಚೆಂದರೆ ಸುಮಾರು ಮೂರು ಗಂಟೆ, ಎಂದರೆ ಒಂದು ಜಾವದಷ್ಟು ಮೊದಲು ಮೂಡುತ್ತದೆ.

ಕಷ್ಟವಿರುವುದು ಉಳಿದ ಮೂರು ಪದಗಳಲ್ಲಿ. ಇವುಗಳ ಎಲ್ಲೆಯನ್ನು ಹೇಳುವ ಸಾಂಪ್ರದಾಯಿಕ ಶ್ಲೋಕವು ಉಷಃಕಾಲಕ್ಕೆ ‘ಪಂಚಪಂಚ’, ಅರುಣೋದಯಕ್ಕೆ ‘ಸಪ್ತಪಂಚ’, ಪ್ರಾತಃಕಾಲಕ್ಕೆ ‘ಅಷ್ಟಪಂಚ’ ಎಂಬ ಸಂಖ್ಯೆಗಳನ್ನು ಕೊಟ್ಟು, ಉಳಿದದ್ದು ಸೂರ್ಯೋದಯ ಎನ್ನುತ್ತದೆ. ಇದನ್ನು ಗುಣಾಕಾರವೆಂದು ಓದಿದರೆ 25, 35, 40 ಬಂದು ಉಷಃಕಾಲ ಸಂಜೆ ನಾಲ್ಕು ಗಂಟೆಗೆ ಬೀಳುತ್ತದೆ. ಸಂಸ್ಕೃತದಲ್ಲಿ ಬಿಡಿಯ ಅಂಕವನ್ನು ಮೊದಲು, ಹತ್ತರ ಅಂಕವನ್ನು ಆಮೇಲೆ ಹೇಳುವುದು ವಾಡಿಕೆ. ಆದ್ದರಿಂದ ಇವು 55, 57, 58. ಎಣಿಕೆ ಶುರುವಾಗುವುದು ನಡುರಾತ್ರಿಯಿಂದಲ್ಲ, ಹಿಂದಿನ ಸೂರ್ಯೋದಯದಿಂದ. ಒಂದು ಅಹೋರಾತ್ರಿಗೆ 60 ಘಳಿಗೆ, ಒಂದು ಘಳಿಗೆಗೆ 24 ನಿಮಿಷ. ಮುಂದಕ್ಕೆ ಎಣಿಸುವ ಬದಲು 60ರಿಂದ ಕಳೆದು ಹಿಂದಕ್ಕೆ ಬರುವುದು ಮೇಲು: ಉಳಿಯುವುದು 5, 3, 2 ಘಳಿಗೆ, ಎಂದರೆ ಸೂರ್ಯೋದಯಕ್ಕೆ ಮೊದಲಿನ 120, 72, 48 ನಿಮಿಷ. ಆರಕ್ಕೆ ಸೂರ್ಯ ಹುಟ್ಟುವ ದಿನ ಉಷಃಕಾಲ 4:00ಕ್ಕೆ, ಅರುಣೋದಯ 4:48ಕ್ಕೆ, ಪ್ರಾತಃಕಾಲ 5:12ಕ್ಕೆ ಆರಂಭವಾಗುತ್ತವೆ. ಬೆಂಗಳೂರಿನಲ್ಲಿ ಜನವರಿ ಕೊನೆಯ ಹೊತ್ತಿಗೆ ಸೂರ್ಯೋದಯವೇ ಸುಮಾರು 6:46ಕ್ಕೆ ಆಗುವುದರಿಂದ ಮೂರೂ ಅಷ್ಟೇ ಮುಂದಕ್ಕೆ ಸರಿಯುತ್ತವೆ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಧರ್ಮಶಾಸ್ತ್ರದಲ್ಲಿ ಅರುಣೋದಯವೆಂದರೆ ಸೂರ್ಯೋದಯಕ್ಕೆ ಮೊದಲಿನ ನಾಲ್ಕು ಘಳಿಗೆ ಎಂಬ ಮಾತೂ ಇದೆ. ಮೇಲಿನ ಲೆಕ್ಕದಲ್ಲಿ ಬಂದದ್ದು ಮೂರು. ‘57 ಘಳಿಗೆ ಕಳೆದ ಮೇಲೆ’ ಎನ್ನುವುದಕ್ಕೂ ‘57ನೆಯ ಘಳಿಗೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. 57ನೆಯ ಘಳಿಗೆ ಆರಂಭವಾದಾಗ ಕಳೆದಿರುವುದು 56 ಮಾತ್ರ, ಉಳಿದಿರುವುದು ನಾಲ್ಕು. ಹಾಗೆ ಓದಿದರೆ ಎರಡು ಮಾತುಗಳೂ ಕೂಡಿಕೊಳ್ಳುತ್ತವೆ ಎಂಬುದು ನನ್ನ ಅಭಿಪ್ರಾಯ. ಒಂದು ಘಳಿಗೆಯ ಈ ಅಂತರ ಕಡೆಗಣಿಸುವಂಥದ್ದಲ್ಲ. ಉಡುಪಿಯ ಮಾಧ್ವ ಸಂಪ್ರದಾಯದಲ್ಲಿ ಅರುಣೋದಯದ ಹೊತ್ತಿಗೆ ದಶಮಿಯ ಸೋಂಕಿದ್ದರೆ ಆ ದಿನ ಏಕಾದಶಿಯ ಉಪವಾಸವಿಲ್ಲ, ಮರುದಿನ. ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯದ ತಿಥಿಯನ್ನು ನೋಡುತ್ತಾರೆ. ಪಂಚಾಂಗದಲ್ಲಿ ಕೆಲವೊಮ್ಮೆ ಏಕಾದಶಿ ಎರಡು ದಿನ ಕಾಣಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ. ಬ್ರಾಹ್ಮೀ ಮುಹೂರ್ತವೂ ಇದೇ ಸೀಮೆಯಲ್ಲಿದೆ: ಇರುಳಿನ 15 ಮುಹೂರ್ತಗಳಲ್ಲಿ ಅದು 14ನೆಯದು, ಮೇಲಿನ ಉದಾಹರಣೆಯಲ್ಲಿ 4:24ರಿಂದ 5:12ರವರೆಗೆ.

ಘಳಿಗೆಯ ಲೆಕ್ಕವನ್ನು ಆಕಾಶಕ್ಕೆ ಹೊಂದಿಸುವ ಒಂದು ಒಳದಾರಿ ನನಗೆ ಬಹಳ ಇಷ್ಟ. ಭೂಮಿ 24 ನಿಮಿಷದಲ್ಲಿ 6 ಡಿಗ್ರಿ ತಿರುಗುತ್ತದೆ. ಖಗೋಳಶಾಸ್ತ್ರಜ್ಞರು ಸಂಧ್ಯಾಪ್ರಕಾಶವನ್ನು ಸೂರ್ಯ ದಿಗಂತದಿಂದ 6, 12, 18 ಡಿಗ್ರಿ ಕೆಳಗಿರುವ ಮೂರು ಹಂತಗಳಾಗಿ ಗುರುತಿಸುತ್ತಾರೆ. ಕರ್ನಾಟಕದಂತೆ ಸಮಭಾಜಕವೃತ್ತಕ್ಕೆ ಹತ್ತಿರವಿರುವ ನಾಡಿನಲ್ಲಿ ಇವು ಹೆಚ್ಚುಕಡಿಮೆ ಒಂದು, ಎರಡು, ಮೂರು ಘಳಿಗೆಗಳೇ. ಹೀಗಾಗಿ ಮೂರು ಘಳಿಗೆ ಉಳಿದಿರುವಾಗ ಮೂಡಣದಲ್ಲಿ ಮೊಟ್ಟಮೊದಲ ಬೆಳಕು ಇಣುಕುತ್ತದೆ, ಎರಡು ಘಳಿಗೆಗೆ ದಿಗಂತದ ಗೆರೆ ತಿಳಿಯುತ್ತದೆ, ಕೊನೆಯ ಘಳಿಗೆಯಲ್ಲಿ ದೀಪವಿಲ್ಲದೆ ಹೊರಗಿನ ಕೆಲಸ ಮಾಡಬಹುದು. ಉತ್ತರಕ್ಕೆ ಹೋದಂತೆ ಈ ಹೊಂದಿಕೆ ಕಳಚುತ್ತದೆ. ಜೂನ್ ತಿಂಗಳ ಲಂಡನ್ನಿನಲ್ಲಿ ಸೂರ್ಯ ಇರುಳಿಡೀ 18 ಡಿಗ್ರಿಯಷ್ಟು ಕೆಳಗೆ ಇಳಿಯುವುದೇ ಇಲ್ಲ. ಅಲ್ಲಿರುವ ಕನ್ನಡಿಗರು ಅರುಣೋದಯವನ್ನು ಕಣ್ಣಿನಿಂದ ಗುರುತಿಸಲಾಗದೆ, ಸ್ಥಳೀಯ ಸೂರ್ಯೋದಯದಿಂದ ನಾಲ್ಕು ಘಳಿಗೆ ಹಿಂದಕ್ಕೆ ಎಣಿಸಿಯೇ ತಿಳಿಯಬೇಕಾಗುತ್ತದೆ.