ಮುದ್ದೆಯೂ ಪಿಷ್ಟವೇ ಸ್ವಾಮಿ

ಶುಗರ್ ಇದೆ ಎಂದು ಗೊತ್ತಾದ ಮರುದಿನವೇ ಮನೆಯಲ್ಲಿ ಎರಡು ಬದಲಾವಣೆ ಆಗುತ್ತವೆ. ಕಾಫಿಗೆ ಸಕ್ಕರೆ ನಿಲ್ಲುತ್ತದೆ. ಅನ್ನದ ಜಾಗಕ್ಕೆ ರಾಗಿ ಮುದ್ದೆ ಬರುತ್ತದೆ. ಮೂರು ತಿಂಗಳು ಬಿಟ್ಟು, ಅಷ್ಟು ದಿನದ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಮಾಡಿಸಿದರೆ ಎಷ್ಟೋ ಜನರಿಗೆ ಸಂಖ್ಯೆ ಇದ್ದಲ್ಲೇ ಇರುತ್ತದೆ. "ಅನ್ನ ಮುಟ್ಟೇ ಇಲ್ಲ ಡಾಕ್ಟ್ರೇ, ಬರೀ ಮುದ್ದೆ" ಎಂದು ಆಗ ದೂರುತ್ತಾರೆ. ತೊಂದರೆ ಇರುವುದು ಆ 'ಬರೀ ಮುದ್ದೆ'ಯಲ್ಲೇ.

ರಾಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿ ನೋಡಿ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ನಾರಿನ ಅಂಶ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ಪಟ್ಟಿಯ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ. ಕಾರ್ಬೊಹೈಡ್ರೇಟ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ರಾಗಿಯಲ್ಲಿ ಸುಮಾರು 67 ಗ್ರಾಂ. ಅದರಲ್ಲಿ ಬಹುಪಾಲು ಪಿಷ್ಟ, ಅಂದರೆ ಗ್ಲೂಕೋಸ್ ಸರಪಳಿ.

ಈಗ ಲೆಕ್ಕ ಹಾಕಿ. ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಹಿಡಿಯಿತು ಎಂದುಕೊಳ್ಳೋಣ. ಎರಡು ಮುದ್ದೆಗೆ 100 ಗ್ರಾಂ ಕಾರ್ಬೊಹೈಡ್ರೇಟ್ ಆಯಿತು. ಡಯಾಬಿಟಿಸ್ ಇದೆಯೋ ಇಲ್ಲವೋ ಎಂದು ಪತ್ತೆ ಮಾಡಲು ಲ್ಯಾಬಿನಲ್ಲಿ ಕುಡಿಸುತ್ತಾರಲ್ಲ ಗ್ಲೂಕೋಸ್ ನೀರು, ಅದರಲ್ಲಿ ಇರುವುದು 75 ಗ್ರಾಂ.

ಹಾಗಂತ ಮುದ್ದೆ ಗ್ಲೂಕೋಸ್ ನೀರಿನಷ್ಟು ಬೇಗ ರಕ್ತಕ್ಕೆ ಇಳಿಯುವುದಿಲ್ಲ. ಎಷ್ಟು ಬೇಗ ಇಳಿಯುತ್ತದೆ ಎಂಬುದು ಆ ಪಿಷ್ಟಕ್ಕೆ ಅಡುಗೆಮನೆಯಲ್ಲಿ ಏನೇನಾಗಿದೆ ಎಂಬುದನ್ನು ಅವಲಂಬಿಸಿದೆ. ನನಗೆ ಬಹಳ ಇಷ್ಟವಾದ ಭಾಗ ಇದು, ಸ್ವಲ್ಪ ತಾಳ್ಮೆಯಿಂದ ಕೇಳಿ.

ಹಸಿ ಕಾಳಿನೊಳಗೆ ಪಿಷ್ಟ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಕೂತಿರುತ್ತದೆ. ಒಂದೊಂದು ಹರಳಿನಲ್ಲೂ ಗ್ಲೂಕೋಸ್ ಸರಪಳಿಗಳು ಒತ್ತೊತ್ತಾಗಿ ಜೋಡಿಕೊಂಡಿರುತ್ತವೆ. ಚೆನ್ನಾಗಿ ಒಟ್ಟಿದ ಹುಲ್ಲಿನ ಬಣವೆ ನೋಡಿದ್ದೀರಲ್ಲ? ಹೊರಗೆ ನಿಂತ ದನ ಅಂಚಿನಿಂದ ಒಂದೊಂದೇ ಎಳೆ ಜಗ್ಗಿ ತಿನ್ನಬೇಕು. ಬಣವೆ ಕೆಡವಿ ಕಣದ ತುಂಬ ಹರಡಿದರೆ ಕೊಟ್ಟಿಗೆಯ ದನವೆಲ್ಲ ಒಂದೇ ಸಲ ಬಾಯಿ ಹಾಕುತ್ತದೆ. ಇಲ್ಲಿ ದನ ಎಂದರೆ ಅಮೈಲೇಸ್, ನಮ್ಮ ಜೊಲ್ಲಿನಲ್ಲೂ ಮೇದೋಜೀರಕ ಗ್ರಂಥಿಯ ರಸದಲ್ಲೂ ಇರುವ ಕಿಣ್ವ. ಬಣವೆ ಕೆಡವುವುದು ಬಿಸಿ ನೀರು. ನೀರಿನಲ್ಲಿ ಕಾಯಿಸಿದಾಗ ಹರಳು ನೀರು ಕುಡಿದು ಉಬ್ಬುತ್ತದೆ, ಒಳಗಿನ ಜೋಡಣೆ ಬಿಚ್ಚಿಹೋಗುತ್ತದೆ. ಆಮೇಲೆ ಕಿಣ್ವದ ಕೆಲಸ ಸಲೀಸು.

ಬಣವೆ ಕೆಡವುವ ಮೊದಲೇ ಅದನ್ನು ತುಂಡು ಮಾಡುವವರು ಇನ್ನೊಬ್ಬರಿದ್ದಾರೆ. ಅದು ಹಿಟ್ಟಿನ ಗಿರಣಿ. ಇಡೀ ಕಾಳಿನಲ್ಲಿ ಪಿಷ್ಟದ ಸುತ್ತ ಜೀವಕೋಶದ ಗೋಡೆ ಇರುತ್ತದೆ. ನುಣ್ಣಗೆ ಬೀಸಿದರೆ ಆ ಗೋಡೆ ಒಡೆಯುತ್ತದೆ. ನಾರು ಹಿಟ್ಟಿನಲ್ಲಿ ಇದ್ದೇ ಇರುತ್ತದೆ, ಆದರೆ ಕಾವಲು ಕಾಯುವ ಕೆಲಸ ಬಿಟ್ಟಿರುತ್ತದೆ. ಬೇಯಿಸಿದ ಹುರುಳಿಕಾಳು ನಿಧಾನಕ್ಕೆ ಸಕ್ಕರೆ ಬಿಡುವುದಕ್ಕೂ ಹಿಟ್ಟಿನ ತಿಂಡಿ ಬೇಗ ಬಿಡುವುದಕ್ಕೂ ಇದು ದೊಡ್ಡ ಕಾರಣ.

ಹೀಗಿರುವಾಗ ಒಂದೇ ರಾಗಿ ಬೇರೆ ಬೇರೆ ಅವತಾರದಲ್ಲಿ ಬೇರೆ ಬೇರೆ ಥರ ವರ್ತಿಸಿದರೆ ಆಶ್ಚರ್ಯವೇನು? ಹುರಿಹಿಟ್ಟಿನಲ್ಲಿ ಕಾಳು ಬಿಸಿಗೆ ಅರಳಿ, ಪಿಷ್ಟ ಬಾಯಿಗೆ ಬರುವ ಮುಂಚೆಯೇ ಬಿಚ್ಚಿಕೊಂಡಿರುತ್ತದೆ. ತೆಳು ಗಂಜಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮಜಾ ಎಂದರೆ ರಾಗಿ ಮಾಲ್ಟ್. ಮೊಳಕೆ ಬರಿಸಿದಾಗ ರಾಗಿ ತನ್ನದೇ ಅಮೈಲೇಸ್ ತಯಾರಿಸುತ್ತದೆ. ಪುಟ್ಟ ಗಿಡಕ್ಕೂ ಬೆಳೆಯಲು ಸಕ್ಕರೆ ಬೇಕಲ್ಲ. ಆ ಹಿಟ್ಟನ್ನು ಕಾಯಿಸುವಾಗ ಕಿಣ್ವ ಪಿಷ್ಟವನ್ನು ಕತ್ತರಿಸುತ್ತಾ ಹೋಗುತ್ತದೆ, ಗಂಜಿ ಗಟ್ಟಿಯಾಗದೆ ತೆಳ್ಳಗೇ ಉಳಿಯುತ್ತದೆ. ಹಲ್ಲಿಲ್ಲದ ಕೂಸಿಗೆ ಸಣ್ಣ ಬಟ್ಟಲಲ್ಲಿ ಜಾಸ್ತಿ ಶಕ್ತಿ ತುಂಬಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದು ಇದಕ್ಕೇ. ಈಗ ಅದನ್ನೇ 'ಶುಗರ್‌ಗೆ ಒಳ್ಳೆಯದು' ಎಂದು ಬೆಳಿಗ್ಗೆ ದೊಡ್ಡ ಲೋಟದಲ್ಲಿ ಕುಡಿಯುವವರು ಇದ್ದಾರೆ. ಕೆಲವರು ಬೆಲ್ಲವನ್ನೂ ಹಾಕುತ್ತಾರೆ, 'ಸಕ್ಕರೆ ಅಲ್ಲವಲ್ಲ' ಎಂಬ ಸಮಾಧಾನದಲ್ಲಿ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ.

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುತ್ತಾರಲ್ಲ, ಅದಕ್ಕೆ ಸಂಬಂಧಪಟ್ಟ ಒಂದು ಪ್ರಯೋಗ ಇದೆ. 1986ರಲ್ಲಿ ಬ್ರಿಟನ್ನಿನ ಸಂಶೋಧಕರು ಜನರಿಗೆ ಅನ್ನ, ಮುಸುಕಿನ ಜೋಳದ ಕಾಳು, ಸೇಬು, ಆಲೂಗಡ್ಡೆ ಕೊಟ್ಟು ಒಮ್ಮೆ ಅಗಿದು ತಿನ್ನಿಸಿದರು, ಇನ್ನೊಮ್ಮೆ ಅಗಿಯದೆ ನುಂಗಿಸಿದರು. ನುಂಗಿದಾಗ ರಕ್ತದ ಸಕ್ಕರೆ ಕಡಿಮೆ ಏರಿತು. ಮಂಡ್ಯದವರು ಇಲ್ಲಿ ಕಾಲರ್ ಎತ್ತಬಹುದು. ಆದರೆ ಅವರು ನುಂಗಿದ್ದು ತುಂಡುಗಳನ್ನು. ಮುದ್ದೆಯ ವಿಷಯದಲ್ಲಿ ಅಗಿಯುವ ಕೆಲಸ ಗಿರಣಿಯಲ್ಲೇ ಮುಗಿದಿರುತ್ತದೆ.

ಇನ್ನು ತಂಗಳು. ಬೆಂದ ಪಿಷ್ಟ ಆರಿದಾಗ ಕೆಲವು ಎಳೆಗಳು ಮತ್ತೆ ಒಂದಕ್ಕೊಂದು ಅಂಟಿ ಬಿಗಿಯಾಗುತ್ತವೆ. ಅಷ್ಟು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ಇದು ನಿಜ, ಆದರೆ ಲಾಭ ಸಣ್ಣದು. ತಂಗಳು ಎಂಬ ಧೈರ್ಯದಲ್ಲಿ ಇನ್ನೊಂದು ಸೌಟು ಅನ್ನ ಬಡಿಸಿಕೊಂಡರೆ ಆ ಲಾಭ ಅಲ್ಲಿಗೇ ಮುಗಿಯಿತು.

'ಈ ಧಾನ್ಯ ತಿಂದರೆ ಶುಗರ್ ಹೋಗುತ್ತೆ' ಎಂಬ ನಂಬಿಕೆ ನಮ್ಮದು ಮಾತ್ರ ಅಲ್ಲ. 1900ರ ದಶಕದ ಆರಂಭದಲ್ಲಿ ಜರ್ಮನಿಯ ವೈದ್ಯ ಕಾರ್ಲ್ ಫಾನ್ ನೂರ್ಡೆನ್ 'ಓಟ್ಸ್ ಚಿಕಿತ್ಸೆ' ಶುರು ಮಾಡಿದ. ಯೂರೋಪಿನಲ್ಲಿ ಅದು ದೊಡ್ಡ ಸುದ್ದಿಯಾಯಿತು. ಅಕ್ಕಿ ಚಿಕಿತ್ಸೆ, ಆಲೂಗಡ್ಡೆ ಚಿಕಿತ್ಸೆ, ಹಾಲಿನ ಚಿಕಿತ್ಸೆಗಳೂ ಆ ಕಾಲದಲ್ಲಿ ಇದ್ದವು. ಫಾನ್ ನೂರ್ಡೆನ್ ಓಟ್ಸ್ ದಿನಗಳ ಅಕ್ಕಪಕ್ಕ ಬರೀ ತರಕಾರಿಯ ದಿನಗಳನ್ನು ಇಡುತ್ತಿದ್ದ. ಒಟ್ಟಾರೆ ಊಟವೇ ಕಡಿಮೆಯಾಗುತ್ತಿತ್ತು. ಹೆಸರು ಬಂದಿದ್ದು ಮಾತ್ರ ಓಟ್ಸ್‌ಗೆ. ಅದಕ್ಕೂ ಮುಂಚೆ, 1870ರಲ್ಲಿ ಪ್ಯಾರಿಸ್ ನಗರಕ್ಕೆ ಶತ್ರು ಸೈನ್ಯ ಮುತ್ತಿಗೆ ಹಾಕಿದಾಗ ಜನರಿಗೆ ಊಟ ಸಾಲದಾಯಿತು. ಆಗ ಅಪೋಲಿನೇರ್ ಬುಶಾರ್ದಾ ಎಂಬ ವೈದ್ಯ ಒಂದು ವಿಚಿತ್ರ ಗಮನಿಸಿದ: ಡಯಾಬಿಟಿಸ್ ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಾಣೆಯಾಗಿತ್ತು. ಗುಟ್ಟು ಯಾವ ಧಾನ್ಯದಲ್ಲೂ ಇರಲಿಲ್ಲ, ತಟ್ಟೆ ಖಾಲಿಯಾಗಿತ್ತು.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಅರವತ್ತು ವರ್ಷ ಬಿಟ್ಟು, 1981ರಲ್ಲಿ ಅದೇ ಊರಿನ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸೀಮಿಕ್ ಇಂಡೆಕ್ಸ್ ಅಳತೆ ಕೊಟ್ಟರು. 50 ಗ್ರಾಂ ಕಾರ್ಬೊಹೈಡ್ರೇಟ್ ಸಿಗುವಷ್ಟು ಆಹಾರ ತಿನ್ನಿಸಿ, ಎರಡು ಗಂಟೆ ಕಾಲ ರಕ್ತದ ಸಕ್ಕರೆ ನೋಡಿ, ಅದನ್ನು ಗ್ಲೂಕೋಸ್ ಜೊತೆ ಹೋಲಿಸುವುದು. ಗ್ಲೂಕೋಸ್‌ಗೆ 100 ಅಂಕ. ಚೆನ್ನೈನಲ್ಲಿ ಅಳೆದಾಗ ನಮ್ಮ ಸೋನಾ ಮಸೂರಿಗೆ 72 ಬಂದಿದೆ. ರಾಗಿಗೆ? ಕೆಲವು ಪರೀಕ್ಷೆಗಳಲ್ಲಿ ಅದು ಗೋಧಿಯ ಸಾಲಿನಲ್ಲಿ ನಿಂತಿದೆ, ಕೆಲವದರಲ್ಲಿ ಬಿಳಿ ಅನ್ನಕ್ಕಿಂತ ಮೇಲೆ ಹೋಗಿದೆ. ಹೇಗೆ ಬೀಸಿದರು, ಹೇಗೆ ಬೇಯಿಸಿದರು ಎಂಬುದರ ಮೇಲೆ ಅಂಕಿ ಕುಣಿಯುತ್ತದೆ. ಇನ್ನೊಂದು ವಿಷಯ, ಈ ಅಳತೆ 50 ಗ್ರಾಂಗೆ ಮಾತ್ರ. ನೀವು ಎಷ್ಟು ತಿನ್ನುತ್ತೀರಿ ಎಂಬುದು ಅದಕ್ಕೆ ಗೊತ್ತಿಲ್ಲ.

2025ರಲ್ಲಿ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಡಯಾಬಿಟಿಸ್ ಸಮೀಕ್ಷೆಯ ಒಂದು ವಿಶ್ಲೇಷಣೆ ಬಂತು. ಭಾರತೀಯರ ಶಕ್ತಿಯ 62 ಶೇಕಡಾ ಕಾರ್ಬೊಹೈಡ್ರೇಟಿನಿಂದಲೇ ಬರುತ್ತದಂತೆ. ಒಟ್ಟು ಪ್ರಮಾಣ ಇಳಿಸದೆ ಅನ್ನದ ಬದಲು ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಿಂದರೆ ಡಯಾಬಿಟಿಸ್ ಅಪಾಯ ಇಳಿದದ್ದು ಕಾಣಲಿಲ್ಲ. ಅದರಲ್ಲಿ ಒಂದು ಪಾಲು ಕಡಿಮೆ ಮಾಡಿ ಆ ಜಾಗಕ್ಕೆ ಕಾಳು, ಹಾಲು-ಮೊಸರಿನ ಪ್ರೋಟೀನ್ ತಂದವರಲ್ಲಿ ಅಪಾಯ ಕಡಿಮೆ ಇತ್ತು.

ಹಾಗಾದರೆ ತಟ್ಟೆ ಹೇಗಿರಬೇಕು? ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಕೋಳಿ. ಉಳಿದ ಕಾಲು ಭಾಗದಲ್ಲಿ ಮುದ್ದೆಯೋ ಅನ್ನವೋ ಚಪಾತಿಯೋ, ಯಾವುದಾದರೂ ಒಂದು. ಮುದ್ದೆ ತಿಂದಾದ ಮೇಲೆ 'ಕೊನೆಗೆ ಸ್ವಲ್ಪ ಅನ್ನ' ಎಂಬುದು ಲೆಕ್ಕದಲ್ಲಿ ಎರಡನೇ ಊಟ. ಆಲೂಗಡ್ಡೆ ತರಕಾರಿ ಸಾಲಿಗೆ ಸೇರುವುದಿಲ್ಲ. ಬಸ್ಸಾರು ಮಾಡಿದ ದಿನ ಇದೆಲ್ಲ ತಾನೇ ಕೂಡಿಬರುತ್ತದೆ. ಬಸಿದ ಸೊಪ್ಪು-ಕಾಳಿನ ಪಲ್ಯವನ್ನು ಮುದ್ದೆಗಿಂತ ಜಾಸ್ತಿ ಬಡಿಸಿಕೊಂಡರೆ ಆಯಿತು. ಕಿಡ್ನಿ ತೊಂದರೆ ಇದ್ದವರು ಮಾತ್ರ ಕಾಳು ಎಷ್ಟು ತಿನ್ನಬಹುದು ಎಂದು ವೈದ್ಯರನ್ನು ಕೇಳಬೇಕು.

ತಿನ್ನುವ ಸರದಿಯೂ ಮುಖ್ಯ. 2015ರಲ್ಲಿ ನ್ಯೂಯಾರ್ಕಿನ ವೀಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಟೈಪ್ 2 ಡಯಾಬಿಟಿಸ್ ಇರುವ 11 ಜನರಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟರು. ತರಕಾರಿ, ಕೋಳಿ ಮೊದಲು ತಿಂದು ಬ್ರೆಡ್ಡು, ಹಣ್ಣಿನ ರಸ ಆಮೇಲೆ ತೆಗೆದುಕೊಂಡಾಗ ಒಂದು ಗಂಟೆಯ ಸಕ್ಕರೆ ಸುಮಾರು 37 ಶೇಕಡಾ ಕಡಿಮೆ ಇತ್ತು. ಹನ್ನೊಂದೇ ಜನ ನಿಜ, ಆದರೆ ಜಪಾನಿನಲ್ಲೂ ಇದೇ ಥರದ ಫಲಿತಾಂಶ ಬಂದಿದೆ. ನಮ್ಮ ಬಾಳೆ ಎಲೆಯ ಮೇಲೆ ಅನ್ನಕ್ಕಿಂತ ಮೊದಲು ಕೋಸಂಬರಿ, ಪಲ್ಯ ಬರುತ್ತವಲ್ಲ. ಅವನ್ನು ಅನ್ನ ಬರುವ ತನಕ ಕಾಯಿಸಬೇಡಿ, ತಿಂದು ಮುಗಿಸಿ. ಎಲೆಯ ಮೂಲೆಯ ಪಾಯಸಕ್ಕೆ ಈ ನಿಯಮ ಅನ್ವಯಿಸುವುದಿಲ್ಲ!

'ಅಜ್ಜ ಎರಡು ಹೊತ್ತೂ ಮುದ್ದೆ ತಿಂದು ಗಟ್ಟಿಯಾಗಿದ್ದರು' ಎನ್ನುವವರಿಗೆ ಒಂದು ಮಾತು. ಅಜ್ಜ ಹೊಲ ಉಳುತ್ತಿದ್ದರು. ದುಡಿಯುವ ಸ್ನಾಯು ಇನ್ಸುಲಿನ್ ಹೇಳುವುದನ್ನು ಕಾಯದೆ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಊಟದ ನಂತರ ಹತ್ತು ನಿಮಿಷ ನಡೆದರೂ ಅದರ ಸ್ವಲ್ಪ ಪಾಲು ನಮಗೂ ಸಿಗುತ್ತದೆ.

ಹಾಗಲಕಾಯಿ ರಸದ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಕಹಿ ಸಿಹಿಯನ್ನು ಹೊಡೆಯುತ್ತದೆ ಎಂಬುದು ನಾಲಗೆಯ ತರ್ಕ, ರಕ್ತಕ್ಕೆ ಅದು ಗೊತ್ತಿಲ್ಲ. ಪಲ್ಯ ಮಾಡಿ ತಿನ್ನಿ, ಮಾತ್ರೆ ಬಿಡಬೇಡಿ. ಮೆಂತ್ಯದಲ್ಲಿ ಒಂದಿಷ್ಟು ಸತ್ಯ ಇದೆ, ಅದರ ಲೋಳೆಯಂಥ ನಾರು ಸಕ್ಕರೆಯನ್ನು ನಿಧಾನಕ್ಕೆ ರಕ್ತಕ್ಕೆ ಬಿಡುತ್ತದೆ. ಆದರೆ 1990ರಲ್ಲಿ ಪ್ರಕಟವಾದ ಹೈದರಾಬಾದಿನ ಪ್ರಸಿದ್ಧ ಅಧ್ಯಯನದಲ್ಲಿ ರೋಗಿಗಳಿಗೆ ಕೊಟ್ಟಿದ್ದು ದಿನಕ್ಕೆ 100 ಗ್ರಾಂ ಮೆಂತ್ಯದ ಪುಡಿ. ರಾತ್ರಿ ನೆನೆಸಿಡುವ ಒಂದು ಚಮಚದಿಂದ ಅಷ್ಟೇ ಫಲ ಕೇಳುವುದು ಹೇಗೆ?

ನಂಬದಿದ್ದರೆ ಗ್ಲೂಕೋಮೀಟರಿನಲ್ಲಿ ನೀವೇ ನೋಡಿ. ಒಂದು ದಿನ ಎರಡು ಮುದ್ದೆ, ಬರೀ ಸಾರು. ಇನ್ನೊಂದು ದಿನ ಪಲ್ಯ ಮೊದಲು, ಆಮೇಲೆ ಒಂದು ಮುದ್ದೆ. ಎರಡೂ ದಿನ ಊಟ ಶುರು ಮಾಡಿ ಎರಡು ಗಂಟೆ ಆದ ಮೇಲೆ ಬೆರಳು ಚುಚ್ಚಿ. ಸಾಮಾನ್ಯವಾಗಿ 180ರ ಒಳಗೆ ಇರಬೇಕು ಎನ್ನುತ್ತಾರೆ.

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಇದನ್ನೆಲ್ಲ ಓದಿ ನಾಳೆಯಿಂದಲೇ ಮುದ್ದೆ ಅರ್ಧ ಮಾಡಬೇಡಿ. ಔಷಧದ ಪ್ರಮಾಣ ಹಳೆಯ ಊಟಕ್ಕೆ ಹೊಂದಿಸಿದ್ದು, ಊಟ ಮಾತ್ರ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಮೊದಲು ವೈದ್ಯರ ಹತ್ತಿರ ಮಾತಾಡಿ. ಕೈ ನಡುಗಿ, ಬೆವರು ಬಂದು, ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಪಲ್ಯ ಮೊದಲು ಎಂಬ ನಿಯಮವೆಲ್ಲ ಪಕ್ಕಕ್ಕೆ. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.